ಮೊಳೆ ಹೊಡೆಯುವ ಹಾಗಿಲ್ಲ

ಕರಾರಿನ ಏಳನೇ ಕಲಮು:
ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ.
ಆರು ವರ್ಷವಾಯಿತು ಗುತ್ತಲು ರಸ್ತೆಯ ಈ ಮನೆಗೆ ಬಂದು.
ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತುಬಿದ್ದಿದೆ,
ಗಾಳಿ ಬೀಸಿದರೆ ತಿಂಗಳು ತಾನೇ ಮಗುಚಿಕೊಳ್ಳುತ್ತದೆ.
ಅವ್ವನ ಫೋಟೋ ಟ್ರಂಕಿನ ಮೇಲೆ
ಗೋಡೆಗೆ ಒರಗಿ ಕೂತಿದೆ, ಬಸ್ಸಿಗೆ ಕಾದವಳಂತೆ.

ಕಾಲೇಜಿನ ಲ್ಯಾಬಿನ ಹಳೇ ಕಂಪ್ಯೂಟರು ಹರಾಜಿಗೆ ಬಂದವು.
ಒಂದನ್ನು ತಂದೆ, ಒಂಬೈನೂರಕ್ಕೆ,
ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು.
ಹತ್ತೊಂಬತ್ತು ವರ್ಷ ಇವುಗಳ ಧೂಳು ಒರೆಸಿದ್ದೇನೆ.
ಕೀಬೋರ್ಡಿನ ಉದ್ದನೆಯ ಕೀಲಿಯ ಮೇಲೆ ಯಾವನೋ
ಕೈವಾರದಲ್ಲಿ ಗೀರಿದ ಹುಡುಗಿಯ ಹೆಸರು ಗೊತ್ತು ನನಗೆ.
ಪಾಸ್‌ವರ್ಡು ಗೊತ್ತಿರಲಿಲ್ಲ.
ಮೇಷ್ಟ್ರು ಅದನ್ನು ಒತ್ತುವಾಗ
ಬಟ್ಟೆ ಹಿಡಿದು ಆ ಕಡೆ ತಿರುಗಿಕೊಳ್ಳುತ್ತಿದ್ದೆ.

ಅಕ್ಕನ ಮಗ ಯೋಗಾನಂದ ಪೆನ್‌ಡ್ರೈವು ಚುಚ್ಚಿಕೊಟ್ಟು
ಮದ್ದೂರು ಬಸ್ಸಿಗೆ ಹೊತ್ತಾಯಿತೆಂದು ಎದ್ದ.
‘ಇದು ಲಿನಕ್ಸು. ಮೊದ್ಲು ಹಂಗೇ ಓಡ್ಸಿ ನೋಡು ಚಿಕ್ಕವ್ವ,
ಒಪ್ಪಿದ್ರೆ ಇಳ್ಸ್ಕೋ.’
ಅಂಗಡಿಯಲ್ಲಿ ಸೀರೆ ಭುಜದ ಮೇಲೆ ಹಾಕಿ ನೋಡಿದ ಹಾಗೆ
ಒಂದು ಸಂಜೆಯೆಲ್ಲ ನೋಡಿದೆ.
ಒಪ್ಪಿತು. ಇಳಿಸಿಕೊಂಡೆ.

ಹೆಸರು ಕೇಳಿತು.
ಮಸ್ಟರಿನಲ್ಲಿ ಇರುವುದು ಕೆಂಪರಾಜಮ್ಮ,
ಅವ್ವ ಕರೆಯುತ್ತಿದ್ದದ್ದು ಕೆಂಪಿ.
ಕೆಂಪಿ ಎಂದೇ ಒತ್ತಿದೆ.
ಗುಟ್ಟಿನ ಪದ ಕೇಳಿತು, ಅದನ್ನು ಇಲ್ಲಿ ಬರೆಯುವುದಿಲ್ಲ.
ಆಮೇಲೆ ಆ ಕಪ್ಪು ಕಿಟಕಿಯಲ್ಲಿ ಅದನ್ನೇ ಮತ್ತೆ ಕೇಳಿದಾಗ
ಎಷ್ಟು ಒತ್ತಿದರೂ ಒಂದು ಚುಕ್ಕಿಯೂ ಬೀಳದು.
ಕೆಟ್ಟಿತೆಂದುಕೊಂಡೆ.
ತಡವಾಗಿ ತಿಳಿಯಿತು:
ಎಲ್ಲ ಕೇಳಿಸಿಕೊಳ್ಳುತ್ತದೆ, ಹ್ಞೂಂ ಅನ್ನುವುದಿಲ್ಲ,
ನಮ್ಮ ಮಾವನ ಜಾತಿ.

ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷು,
ಪ್ರಿನ್ಸಿಪಾಲರ ಭಾಷಣದಂತೆ.
ಒಂದು ಕೋಶದ ಹೆಸರು ನೆಲೆ.
ತೆರೆದೆ. ಏನೂ ಇರಲಿಲ್ಲ,
ಸುಣ್ಣ ಹೊಡೆದ ಮಾರನೇ ದಿನದ ಖಾಲಿ.

ಬಣ್ಣ ಬೇಕೆ ಎಂದಿತು.
ನಮ್ಮ ಗೋಡೆಗಿರುವುದು
ಓನರು ಸಿದ್ದಲಿಂಗಮ್ಮನವರ ಕಾಂಪೌಂಡಿಗೆ ಬಳಿದು ಮಿಕ್ಕ ಹಸಿರು.
ಇಲ್ಲಿ ಕಾಕಂಬಿಯ ಕಂದು ಆರಿಸಿದೆ,
ಸಾಕಾಯಿತು, ಹುರುಳಿ ಹೂವಿನ ಹಳದಿ ಆರಿಸಿದೆ,
ಕಣ್ಣು ಚುಚ್ಚಿತು, ಮತ್ತೆ ಕಂದು.
ಕೆಳಗಿದ್ದ ಪಟ್ಟಿ ಎಡಕ್ಕೆ ಸರಿಸಿದೆ.
ಎಡ ಒಗ್ಗಲಿಲ್ಲ, ಮೇಲಕ್ಕೆ.
ಮೇಲೆ ಗಡಿಯಾರ ಹಣೆಗೆ ಬಡಿಯುವಂತಿತ್ತು.
ಸರಿಸಿದ ಗುರುತೇ ಉಳಿಯುವುದಿಲ್ಲ ಇಲ್ಲಿ,
ತೂತಿಲ್ಲ, ಸುಣ್ಣದ ಪುಡಿ ಉದುರುವುದಿಲ್ಲ,
ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವವರಿಲ್ಲ.

ಫ್ಯಾಕ್ಟರಿ ಸೀಸನ್ನು. ಮನೆ ತುಂಬ ಬೆಲ್ಲ ಸುಟ್ಟ ವಾಸನೆ.
ನೈಟು ಮುಗಿಸಿ ಬಂದ ಶಿವಮಾದು ಬಾಗಿಲಲ್ಲೇ ಕೇಳಿದ:
‘ಮೂರು ರಾತ್ರಿಯಿಂದ ಏನ್ ಮಾಡ್ದೆ ಇದ್ರಾಗೆ?’
‘ಪಟ್ಟಿ ಸರಿಸ್ದೆ.’
‘ಈಗೆಲ್ಲಿದ್ದದು?’
‘ಮೊದ್ಲು ಎಲ್ಲಿತ್ತೋ ಅಲ್ಲೇ.’
ನಗುತ್ತಾನೆಂದುಕೊಂಡೆ. ಬೂಟು ಬಿಚ್ಚಿ
ಪಕ್ಕದಲ್ಲಿ ಕೂತು, ಬೆರಳು ತೋರಿಸಿದ,
‘ವಸಿ ಅಗಲ ಮಾಡು, ನಂಗೆ ಕಾಣಕಿಲ್ಲ.’

ಅಗಲ ಮಾಡಲು ಹೋಗಿ ಪಟ್ಟಿಯನ್ನೇ ಕಳೆದೆ.
ಬರೀ ಕಂದು. ಗಡಿಯಾರವಿಲ್ಲ, ಬಾಗಿಲಿಲ್ಲ.
ಅವನು ಕೂತಲ್ಲೇ ನಿದ್ದೆ ಹೋಗಿದ್ದ.
ಹಾಲಿನವನು ಬರುವ ಹೊತ್ತಿಗೆ
ಬಲಗುಂಡಿ ಒತ್ತಿ, ತಡಕಿ, ಒಂದು ಹೊಸ ಪಟ್ಟಿ ಎಳೆದುಕೊಂಡೆ,
ಎರಡು ಬೆರಳು ಅಗಲದ್ದು.

ಆ ಮೇಲೇ ಹೊಳೆದದ್ದು.
ಟ್ರಂಕಿನ ಮೇಲಿನ ಅವ್ವನನ್ನು ಫೋನಿನಲ್ಲಿ ಹಿಡಿದು
ವೈರು ಹಾಕಿ ತಂದು ಹಿನ್ನೆಲೆಗಿಟ್ಟೆ.
ಗಾಜಿನಲ್ಲಿ ಟ್ಯೂಬ್‌ಲೈಟು ಬಿದ್ದು ಒಂದು ಕಿವಿ ಬೆಳ್ಳಗಾಗಿದೆ, ಇರಲಿ.
ಕಸದಬುಟ್ಟಿ ಬಂದು ಮೂಗುಬೊಟ್ಟಿನ ಮೇಲೆ ಕೂತಿತ್ತು,
ಎತ್ತಿ ಮೂಲೆಗಿಟ್ಟೆ.

ಐದನೇ ತಾರೀಖು ಬಾಡಿಗೆಗೆ ಬಂದ ಸಿದ್ದಲಿಂಗಮ್ಮ
ರೂಢಿಯಂತೆ ನಾಲ್ಕೂ ಗೋಡೆ ನೋಡಿ ಇಲ್ಲಿ ನಿಂತರು.
‘ಯಾರವ್ವ ಇದು, ಥೇಟು ನಿನ್ನಂಗೇ—’
ಅಷ್ಟರಲ್ಲಿ ಕರೆಂಟು ಹೋಯಿತು.
ನೀರು ಕೊಟ್ಟೆ. ಕುಡಿದು ಕಾದರು.
ಬಂತು. ಕಪ್ಪು ತೆರೆ, ನಡುವೆ ಕೆಂಪಿ,
ಕೆಳಗೊಂದು ಖಾಲಿ ಗೆರೆ.
ಕೀಲಿಯ ಮೇಲೆ ಬೆರಳಿಟ್ಟೆ.

ಸಿದ್ದಲಿಂಗಮ್ಮ ಸೆರಗು ಸರಿ ಮಾಡಿಕೊಂಡು
ಆ ಕಡೆ ತಿರುಗಿಕೊಂಡರು.