ಎರಡು ಗೆರೆ

ಬೈತಖೋಲದ ಐಸ್ ಫ್ಯಾಕ್ಟರಿಯಿಂದ ಶೇವಂತಾ ದುರ್ಗೇಕರ
ಕಂಟ್ರೋಲ್ ಪೆಟ್ಟಿಗೆಯನ್ನು ಮೀನುಬುಟ್ಟಿಯಲ್ಲೇ ಹೊತ್ತು ತಂದಳು.
ಮುಚ್ಚಳ ಬಿಚ್ಚಿದರೆ ಬಂಗಡೆಯ ವಾಸನೆ,
ತಾಮ್ರದ ಮೇಲೆ ಹಸಿರು ಕಿಲುಬು.

"ಕರೆಂಟು ಪೂರಾ ಹೋಗಿ ಬಂದರೆ ಸರಿ ಇರ್ತದೆ.
ರೆಪ್ಪೆ ಬಡಿದ ಹಾಗೆ ಹೋಗಿ ಬಂದರೆ ಮಾತ್ರ
ಇದಕ್ಕೆ ದೆವ್ವ ಹಿಡಿತದೆ ನೋಡು.
ಮೊನ್ನೆ ರಾತ್ರಿ ನೀರು ಬಿಟ್ಟದ್ದು ನಿಲ್ಲಿಸಲೇ ಇಲ್ಲ.
ಅಚ್ಚು ತುಂಬಿ, ಉಕ್ಕಿ, ಉಪ್ಪಿನ ತೊಟ್ಟಿಗೆಲ್ಲ ಸಿಹಿನೀರು.
ನೂರಾ ಹತ್ತು ಅಚ್ಚು, ಒಂದೂ ಗಟ್ಟಿಯಾಗಲಿಲ್ಲ."

ದೆವ್ವವಲ್ಲ. ನನಗೆ ಗೊತ್ತು.
ಐದು ವರ್ಷದ ಕೆಳಗೆ ಅಲ್ಲಿ ಕೂರಿಸಿದವನು ನಾನೇ:
ಒಂದು ರೆಸಿಸ್ಟರು, ಒಂದು ಕೆಪಾಸಿಟರು,
ಎರಡೂ ಸೇರಿ ಒಂದೂವರೆ ರೂಪಾಯಿ.
ಕರೆಂಟು ಬಂದಾಗ ಕೆಪಾಸಿಟರು ಮೆಲ್ಲಗೆ ತುಂಬಬೇಕು,
ತುಂಬುವ ತನಕ ಚಿಪ್ಪು ಮಲಗಿರಬೇಕು.

ಚಿಪ್ಪು ಎಂದೇ ಅನ್ನುತ್ತಾಳೆ ಶೇವಂತಾ.
ಅಳಿವೆಯ ಕೆಸರಿನಲ್ಲಿ ಹೆಕ್ಕುವುದಕ್ಕೂ ಅದೇ ಹೆಸರು.
ನಾನು ತಿದ್ದಿಲ್ಲ.
ನೀರು ಬರುವ ಮೊದಲು ಬಾಯಿ ತೆರೆದರೆ
ಎರಡೂ ಕೆಟ್ಟವು.

ರಾತ್ರಿ ಸ್ಕೋಪಿನ ಮುಂದೆ ಕೂತೆ.
ಐದು ವೋಲ್ಟು ಎರಡಕ್ಕೆ ಜಾರಿ ಮತ್ತೆ ಏರಿತು;
ಕೆಪಾಸಿಟರು ಇಳಿಯಲೇ ಇಲ್ಲ.
ಅದರ ಲೆಕ್ಕದಲ್ಲಿ ಏನೂ ಆಗಿಲ್ಲ.
ಮಲಗು ಎನ್ನಲಿಲ್ಲ ಯಾರೂ, ಏಳು ಎನ್ನಲಿಲ್ಲ.
ನೀರು ಬಿಟ್ಟದ್ದು ಚಿಪ್ಪಿಗೆ ನೆನಪಿದೆ,
ಎಷ್ಟು ಹೊತ್ತಿಗೆ ಎಂಬುದು ಅಳಿಸಿದೆ.
ಪೂರ್ತಿ ಮರೆತಿದ್ದರೆ ಇಷ್ಟು ಕೆಡುಕಿಲ್ಲ.

ಒಂದು ಡಯೋಡು ಅಡ್ಡ ಇಟ್ಟೆ,
ತುಂಬಿದ್ದು ಬೇಗ ಹರಿದುಹೋಗಲೆಂದು ಹಿಂಬಾಗಿಲು.
ಪೂರಾ ಇಳಿದಾಗ ಕೆಲಸ ಮಾಡಿತು, ಅರ್ಧ ಇಳಿದಾಗ ಇಲ್ಲ.
ಜನರೇಟರು ಚಾಲೂ ಆಗುವಾಗ ವೋಲ್ಟೇಜು ತೆವಳುತ್ತ ಏರುತ್ತದೆ,
ಕೆಪಾಸಿಟರು ಅದರ ಬೆರಳು ಹಿಡಿದೇ ಏರುತ್ತದೆ,
ಹಿಂದೆ ನಿಂತು ಕಾಯುವುದೇ ಇಲ್ಲ.
ಸಾಲದ್ದಕ್ಕೆ ಉಪ್ಪುಗಾಳಿ
ಬೋರ್ಡಿನ ಮೇಲೆ ನೆಲಕ್ಕೊಂದು ಕಾಲುದಾರಿ ತುಳಿದಿದೆ.

ಬೆಳಿಗ್ಗೆ ಕೋಡಿಬಾಗದ ಧಕ್ಕೆಯಲ್ಲಿ ಚಹಾ.
ಹೊನ್ನಪ್ಪ ಹರಿಕಂತ್ರ ತನ್ನ ಕಂಬ ನೋಡುತ್ತಿದ್ದ.
ಕಂಬಕ್ಕೆ ಡಾಂಬರಿನ ಎರಡು ಗೆರೆ.
ಮೇಲಿನದು ಮುಳುಗಿದರೆ ದೋಣಿ ಬಿಡು,
ಕೆಳಗಿನದು ಕಂಡರೆ ಹಗ್ಗ ಕಟ್ಟು.
"ನಡುವೆ ಇದ್ದರೆ?"
"ಮೊದಲು ಏನು ಮಾಡ್ತಿದ್ದೆಯೋ ಅದೇ ಮಾಡು."
"ಒಂದೇ ಗೆರೆ ಸಾಲದಾ?"
"ತೆರೆ ಇರ್ತದಲ್ಲ ಮಾರಾಯ.
ಒಂದೇ ಗೆರೆಯಾದರೆ ತೆರೆತೆರೆಗೂ
ಹಗ್ಗ ಬಿಚ್ಚು, ಹಗ್ಗ ಕಟ್ಟು."
ಮೇಲಿನ ಗೆರೆ ಮುಳುಗಿತು. ಅವನು ಏಳಲಿಲ್ಲ.
ಬೀಡಿ ಹಚ್ಚಿದ, ತುದಿಯವರೆಗೂ ಸೇದಿದ,
ಆಮೇಲೆ ಹಗ್ಗಕ್ಕೆ ಕೈ ಹಾಕಿದ.

ಚಹಾ ಅರ್ಧಕ್ಕೇ ಬಿಟ್ಟು ಬಂದೆ.
ಡಬ್ಬಿಯ ತಳದಲ್ಲಿತ್ತು ಮೂರು ಕಾಲಿನ ಕಾವಲುಗಾರ,
ಕುಚ್ಚಲಕ್ಕಿ ಕಾಳಿನಷ್ಟು, ಹದಿನೆಂಟು ರೂಪಾಯಿ.
ನಾಲ್ಕೂವರೆ ವೋಲ್ಟಿನ ಹತ್ತಿರ ಒಂದು ಗೆರೆ,
ತುಸು ಕೆಳಗೆ ಇನ್ನೊಂದು,
ದಾಟಿದ ಮೇಲೆ ಇನ್ನೂರು ಮಿಲಿಸೆಕೆಂಡಿನ ಬೀಡಿ.
ಕಿಲುಬು ತೊಳೆದೆ, ಒಣಗಿಸಿದೆ, ವಾರ್ನಿಶು ಬಳಿದೆ.
ಪ್ರೋಗ್ರಾಮಿನ ಮೊದಲ ಸಾಲು ಬದಲಿಸಿದೆ:
ಎದ್ದ ಕೂಡಲೇ ನೀರು ಮುಚ್ಚು,
ಏನು ನೆನಪಾದರೂ ನಂಬಬೇಡ.

ಶೇವಂತಾ ತಾನೇ ಸ್ವಿಚ್ಚು ಒತ್ತಿ ನೋಡಿದಳು,
ಟಪ ಟಪ ಟಪ, ಸೇಡು ತೀರಿಸುವವಳ ಹಾಗೆ.
ಪೆಟ್ಟಿಗೆ ಸುಮ್ಮನಾಯಿತು.
"ಸತ್ತಿತಾ?"
"ಇಲ್ಲ, ಬೀಡಿ ಸೇದ್ತಾ ಇದೆ."
ಮಾತು ಮುಗಿಯುವ ಮೊದಲೇ ಹಸಿರು ದೀಪ ಹತ್ತಿತು.

"ಇಷ್ಟೇ ಆಗಿದ್ದರೆ ಆವಾಗಲೇ ಯಾಕೆ ಹಾಕಲಿಲ್ಲ?"
ಹತ್ತು ವರ್ಷದಿಂದ ಆ ಕಂಬದ ಎದುರೇ
ಚಹಾ ಕುಡಿಯುತ್ತಿದ್ದೇನೆ ಎಂದು ಹೇಳಲಿಲ್ಲ.
ನೂರಾ ಹತ್ತು ಅಚ್ಚಿನ ನಷ್ಟವನ್ನು
ನನ್ನ ಲೆಕ್ಕಕ್ಕೆ ಬರೆದುಕೊಂಡೆ.

ರಾತ್ರಿ ಊರಿನ ದೀಪಗಳು ಒಮ್ಮೆ ಮಿಟುಕಿದವು.
ಫೋನು ಕೈಯಲ್ಲಿ ಹಿಡಿದು
ಒಂದು ಬೀಡಿಯಷ್ಟು ಹೊತ್ತು ಕೂತೆ.