ಪಾಲು

ಇದ್ದದ್ದು ಒಂದೇ ಪ್ರತಿ, ನಾವು ಏಳು ಜನ.
ಗ್ರಂಥಪಾಲಕಿ ಕಲಿಪಾ ಎರಡು ದಿನ ಯೋಚಿಸಿ
ಮೂರನೆಯ ದಿನ ಬೆನ್ನಿಗೆ ಚಾಕು ಹಾಕಿದಳು,
ಪುಸ್ತಕದ ಬೆನ್ನಿಗೆ.
ಹಬ್ಬದ ಕುರಿಯನ್ನು ವಯಸ್ಸು ನೋಡಿ ಪಾಲು ಹಾಕುವ ಹಾಗೆ
ಬಾಲ್ಯ, ಎಲ್ಲರಿಗಿಂತ ಹಿರಿಯಳಾದ ಉಮ್ಸುನಾಯ್‌ಗೆ;
ಮದುವೆ, ಮದುವೆ ಬೇಡವೆಂದ ಜಿಪಾರ್‌ಗೆ;
ನನ್ನದು ಐದನೆಯದು, ಅರ್ಧ ವಾಕ್ಯದಿಂದ ಶುರು:
‘ಬ್ರೇಕಿನ ಮೇಲೆ ಕಾಲಿಟ್ಟು ಬೈದೆ, ದೇವರನ್ನಲ್ಲ, ಅಮ್ಮನನ್ನು.’

ಉಣ್ಣೆ ತುಂಬಿದ ಲಾರಿಯನ್ನು ಇಪ್ಪತ್ತಾರು ವರ್ಷ
ಡೊಲೊನ್ ಘಾಟಿ ಹತ್ತಿಸಿ ಇಳಿಸಿದವಳು
ತಾನೇ ಬರೆದ ತನ್ನ ಕತೆ.

ನರಿನ್ ಊರಿನ ಫೆಬ್ರವರಿ.
ನದಿ ಅರ್ಧ ಕಲ್ಲು, ಅರ್ಧ ಸದ್ದು.
ಮಕ್ಕಳ ವಿಭಾಗದಲ್ಲಿ ಮಾತ್ರ ಒಲೆ ಉರಿಯುತ್ತದೆ,
ಅದಕ್ಕೇ ಗಿಡ್ಡ ಕುರ್ಚಿಗಳ ಮೇಲೆ
ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆವು.
ನಾಲ್ಕನೆಯ ಪಾಲು ಬಂದಿರಲಿಲ್ಲ.

ಮೇಲಿನ ಕಚೇರಿ ಕಳಿಸಿದ ಹಾಳೆ ನೋಡಿ
ಕಲಿಪಾ ಗಂಟಲು ಸರಿಮಾಡಿಕೊಂಡಳು:
‘ಈ ಕೃತಿಯಿಂದ ನಿಮಗೆ ದೊರೆತ ಸ್ಫೂರ್ತಿ ಯಾವುದು?’
ಯಾರೂ ತುಟಿ ಬಿಚ್ಚಲಿಲ್ಲ.
ಕರಿದ ಹಿಟ್ಟಿನುಂಡೆಯ ಎಣ್ಣೆಯನ್ನು
ಪುಟಕ್ಕೆ ತಾಗದಂತೆ ಎಲ್ಲರೂ ಸೆರಗಂಚಿಗೆ ಒರೆಸಿಕೊಂಡೆವು.

ಉಮ್ಸುನಾಯ್ ಅಂದಳು: ‘ನನಗೆ ಕಣ್ಣು ಮಂಜು. ಮೊಮ್ಮಗ ಓದಿದ.
ಬೈಗುಳ ಬಂದಲ್ಲೆಲ್ಲ ಕೆಮ್ಮಿದ.
ಹದಿನಾಲ್ಕು ಸಲ ಕೆಮ್ಮಿದ.
ಒಳ್ಳೆಯ ಪುಸ್ತಕ.’

ಜಿಪಾರ್ ಮಾತ್ರ ನಗಲಿಲ್ಲ.
‘ಧೈರ್ಯ ಧೈರ್ಯ ಅಂತೀರಿ.
ಗಂಡ ಕುಡಿದು ಬಿದ್ದಿದ್ದ, ಲಾರಿ ನಿಂತರೆ ಮನೆಯಲ್ಲಿ ಹಿಟ್ಟಿಲ್ಲ.
ಅದಕ್ಕೆ ಬೇರೆ ಹೆಸರೇ ಇಲ್ಲವಾ?’
‘ಇದೆ,’ ಅಂದಳು
ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದ ನರ್ಸ್ ಸಯರಾ,
‘ಸೋಮವಾರ ಅಂತ.’

ಕೊನೆಯ ಪಾಲಿನ ತೊಕ್ತೊಬುಬು
ಕೊನೆ ಹೇಳುವುದಿಲ್ಲವೆಂದು ಆಣೆ ಮಾಡಿದ್ದಳು,
ಪಾಪ, ಬಾಯಿ ಹೊಲಿದುಕೊಂಡು ಕೂತಿದ್ದಳು.

ಬಾಗಿಲು ತೆರೆಯಿತು. ಮೊದಲು ಗಾಳಿ, ಆಮೇಲೆ ಬುರುಲ್ಚಾ.
ಭುಜದ ಮೇಲೆ ಹಿಮ.
ಕಂಕುಳಲ್ಲಿ ಗಂಟು,
ನಲವತ್ತು ಪುಟಕ್ಕೆ ತೀರ ದೊಡ್ಡದಾದ ಗಂಟು.

‘ನನ್ನ ಪಾಲಿನಲ್ಲಿ ಏನೂ ಆಗುವುದಿಲ್ಲ,’ ಅಂದಳು ನಿಂತೇ.
‘ಲಾರಿ ಕೆಟ್ಟು ಘಾಟಿಯ ತುದಿಯಲ್ಲಿದೆ.
ರೊಟ್ಟಿಯನ್ನು ಎಂಟು ತುಂಡು ಮಾಡುತ್ತಾಳೆ.
ಗಾಜು ಒರೆಸುತ್ತಾಳೆ. ಮತ್ತೆ ಒರೆಸುತ್ತಾಳೆ.
ಉಣ್ಣೆಯ ಮೂಟೆ ಬಿಚ್ಚಿ ಅದರೊಳಗೆ ಮಲಗುತ್ತಾಳೆ.
ಮೂರು ರಾತ್ರಿ. ಅಷ್ಟೇ.
ನಾಲ್ಕು ಸಲ ಓದಿದೆ.’

ಆಮೇಲೆ, ನಮ್ಮಲ್ಲಿ ಯಾರನ್ನೂ ನೋಡದೆ:
‘ಇಳಿದಳು, ಅದು ಗೊತ್ತು. ಬರೆದಿದ್ದಾಳಲ್ಲ.
ಇಳಿದು ಯಾರ ಮನೆಗೆ ಹೋದಳು?’

ಒಲೆಯಲ್ಲಿ ಕಲ್ಲಿದ್ದಲು ಜರಿಯಿತು.
ತೊಕ್ತೊಬುಬು ಆಣೆ ಮುರಿಯಲು ಬಾಯಿ ತೆರೆದಳು,
ಉಮ್ಸುನಾಯ್ ಅವಳ ಕೈ ಅದುಮಿದಳು.
ಜಿಪಾರ್ ತನ್ನ ಗಿಡ್ಡ ಕುರ್ಚಿಯನ್ನು ಗೇಣಷ್ಟು ಸರಿಸಿ
ಪಕ್ಕದಲ್ಲಿ ಇನ್ನೊಂದು ಎಳೆದು ಹಾಕಿದಳು.
ನಾನು ನನ್ನ ಪಾಲನ್ನು ಮೇಜಿನ ಮೇಲೆ ಅತ್ತ ತಳ್ಳಿದೆ.
ಹಾಳೆ ಮಡಚಿ ಕಲಿಪಾ ಅದನ್ನು ಕೆಟಲಿನ ಕೆಳಗಿಟ್ಟಳು.

ನಮ್ಮಲ್ಲಿ ಬಟ್ಟಲು ತುಂಬಾ ಚಹಾ ಕೊಟ್ಟರೆ
ಕುಡಿದು ಎದ್ದು ಹೋಗು ಎಂದರ್ಥ.
ಕಲಿಪಾ ಬುರುಲ್ಚಾಳ ಬಟ್ಟಲಿಗೆ ಸುರಿದಳು:
ಎರಡು ಗುಟುಕು,
ತಳ ಮುಚ್ಚುವಷ್ಟು.