ಇಪ್ಪತ್ತಮೂರರಲ್ಲಿ ಒಬ್ಬಳು

ಟೊಲೀಡೋ ಊರಾಚೆ, ಮೌಮೀ ನದಿಗೆ ಬೆನ್ನು ಹಾಕಿ ನಿಂತ ಲೇಬಲ್ ಪ್ರೆಸ್ಸು.
ಇಲೋನಾ ವಾರ್ಗೊ ಹತ್ತೊಂಬತ್ತು ವರ್ಷದಿಂದ ಇಲ್ಲಿ
ಗಂಟೆಗೆ ಒಂಬತ್ತು ಸಾವಿರದ ಲೆಕ್ಕದಲ್ಲಿ ಪದಗಳನ್ನು ಅಚ್ಚು ಹಾಕುತ್ತಾಳೆ.
ಇವತ್ತು ‘ನೈಸರ್ಗಿಕ’, ತಿಳಿಹಸಿರು.
ನಾಳೆ ‘ಚರ್ಮವೈದ್ಯರು ಪರೀಕ್ಷಿಸಿದ್ದು’, ಬೆಳ್ಳಿ ಬೂದು.
ಯಾವ ವೈದ್ಯರು, ಪರೀಕ್ಷಿಸಿ ಏನೆಂದರು,
ಅಷ್ಟಕ್ಕೆಲ್ಲ ಡಬ್ಬಿಯ ಮೇಲೆ ಜಾಗವಿಲ್ಲ.

ಶಾಯಿ ಒರೆಸುವ ದ್ರಾವಣದಲ್ಲಿ ನೆನೆನೆನೆದು
ಅವಳ ಅಂಗೈ ಬಿರುಕು ಬಿಟ್ಟಿದೆ,
ಉಗುರ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ನೀಲಿ.

ಮೊನ್ನೆ ಅಕ್ಕನ ಮಗಳು ಟೆಸ್ ಬಂದಳು.
ಕೆನ್ನೆ ತುಂಬ ದದ್ದು, ರೆಪ್ಪೆ ಊದಿ ಕಣ್ಣೇ ಇಲ್ಲ.
ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದಳು:
‘ಅಲರ್ಜಿ ತರದು ಅಂತ ಬರೆದಿದೆಯಲ್ಲ ಚಿಕ್ಕಮ್ಮ!’
ಬರೆದದ್ದು ಹೌದು.
ಆ ನೀಲಿ ಇಲೋನಾಗೆ ಗೊತ್ತು.

ಮರುದಿನ ಡ್ವೈಟ್‌ನನ್ನು ಕೇಳಿದಳು. ಮೇಲ್ವಿಚಾರಕ, ಒಳ್ಳೆಯವನು, ಸುಳ್ಳಾಡುವವನಲ್ಲ.
‘ಆ ಪದಕ್ಕೆ ಈ ದೇಶದ ಕಾನೂನಿನಲ್ಲಿ ಅಳತೆಗೋಲಿಲ್ಲ ಇಲೋನಾ,
ಮಾರುವವರು ಏನಂದುಕೊಂಡರೋ ಅದೇ ಅರ್ಥ.
ಓದುವುದಾದರೆ ಹಿಂದುಗಡೆ ಓದು.’

ಮುಂದೆ ಪದ, ಹಿಂದೆ ಪದಾರ್ಥ.
ನೀರು, ಗ್ಲಿಸರಿನ್, ಪ್ಯಾರಾಫಿನ್, ಬಾಯಿಗೆ ಹಿಡಿಸದ ಐದಾರು ಹೆಸರು,
ಕೊನೆಗೆ ‘ಪರಿಮಳ’:
ಒಂದೇ ಪದದ ಸೆರಗಿನ ಮರೆಯಲ್ಲಿ
ಎಷ್ಟು ಜನ ನಿಂತಿದ್ದಾರೋ, ಯಾರೂ ಮುಖ ತೋರರು.

ಮತ್ತೆ ಮುಂದಕ್ಕೆ ತಿರುಗಿಸಿದಳು. ದಪ್ಪಕ್ಷರ:
‘ನೂರಕ್ಕೆ ಎಂಬತ್ತೇಳು ಮಹಿಳೆಯರಿಗೆ ಸುಕ್ಕು ಕಡಿಮೆಯಾದಂತೆ ಕಂಡಿತು’,
ಪಕ್ಕದಲ್ಲೊಂದು ಪುಟ್ಟ ನಕ್ಷತ್ರ.
ಕಡಿಮೆಯಾಯಿತು ಅಂದಿಲ್ಲ, ನೋಡಿ. ಆದಂತೆ.
ಆ ಅಂತೆಯೊಳಗೆ ಒಂದು ಸಂತೆಯೇ ನೆರೆದಿದೆ.

ನಮ್ಮಲ್ಲಿ ಹೋಮದ ಹೊಗೆಗೆ ಕಣ್ಣುರಿವ ಮದುಮಗಳಿಗೆ
ನಡುಹಗಲಲ್ಲಿ ಅರುಂಧತಿ ತೋರಿಸುತ್ತಾರೆ.
ಕಂಡಿತಾ? ಕಂಡಿತು.
ಕಾಣಲಿಲ್ಲ ಎಂದವಳನ್ನು ನಾನಂತೂ ಕಂಡಿಲ್ಲ.

ಡಬ್ಬಿಯ ತಳದಲ್ಲಿ, ಇರುವೆ ಕಾಲಿನಷ್ಟು ಸಣ್ಣಗೆ, ನಕ್ಷತ್ರದ ವಿವರ:
ಇಪ್ಪತ್ತಮೂರು ಮಂದಿ, ನಾಲ್ಕು ವಾರ, ಅವರವರ ಅನಿಸಿಕೆ.

ಇಪ್ಪತ್ತಮೂರು.
ಆ ಕೋಣೆ ನೆನಪಾಯಿತು. ಮೂರು ಚಳಿಗಾಲದ ಹಿಂದೆ
ಕ್ಯಾಂಟೀನಿನ ಗೋಡೆಗೆ ಚೀಟಿ: ನಲವತ್ತು ದಾಟಿದ ಹೆಂಗಸರು ಬೇಕು,
ನಲವತ್ತು ಡಾಲರು, ಒಂದು ಡಬ್ಬಿ ಕ್ರೀಮು, ಮೀನಿನ ಸ್ಯಾಂಡ್‌ವಿಚ್ಚು.
ಬೆಚ್ಚನೆ ಬೆರಳಿನ ಹುಡುಗಿಯೊಬ್ಬಳು
ಹಣೆಯಿಂದ ಕಿವಿಯ ಕೆಳತನಕ ಅವಸರವಿಲ್ಲದೆ ಸವರಿದ್ದಳು.
ಬೇಲಾ ಹೋದ ಮೇಲೆ ಈ ಮುಖವನ್ನು ಯಾರೂ ಮುಟ್ಟಿರಲಿಲ್ಲ.

ನಾಲ್ಕನೆಯ ವಾರ ಕಾಗದ ಕೇಳಿತು: ವ್ಯತ್ಯಾಸ ಕಂಡಿತೆ?
ಎರಡು ಚೌಕ. ಹುಡುಗಿ ಪೆನ್ನು ಚಾಚಿ ನಿಂತಿದ್ದಳು,
ನೆಗಡಿಯಾಗಿತ್ತು ಪಾಪ ಅವಳಿಗೆ.
ಇಲೋನಾ ಹೌದು ಎಂದು ಗುರುತು ಹಾಕಿದಳು.
ಅದೂ ಪೂರ್ತಿ ಸುಳ್ಳಲ್ಲ. ಏನೋ ಮೆತ್ತಗಾಗಿತ್ತು ನಿಜ,
ಆ ‘ಏನೋ’ಗೆ ಚೌಕವಿರಲಿಲ್ಲ.

ಈ ರಾತ್ರಿ ಪಾಳಿಗೆ ಅದೇ ಲೇಬಲ್ಲಿನ ಮರುಮುದ್ರಣ, ಎರಡು ಲಕ್ಷ.
ಕರಡಿನ ಮೇಲೆ ಭೂತಗನ್ನಡಿ ಇಟ್ಟಳು.
ಕಾಗುಣಿತ ಸರಿಯೆ? ಹೌದು. ಬಣ್ಣ? ಹೌದು.
ನಕ್ಷತ್ರ ತನ್ನ ಜಾಗದಲ್ಲಿದೆಯೆ? ಇದೆ.
ಸಹಿ ಹಾಕಿದಳು. ಆಮೇಲೆ, ಯಂತ್ರ ಕತ್ತರಿಸಿ ಬಿಸಾಡುವ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಇನ್ನೊಂದು ನಕ್ಷತ್ರ, ಅದರ ಕೆಳಗೆ:

ಅವರಲ್ಲಿ ನಾನೂ ಒಬ್ಬಳು.
ನನಗೆ ಕಂಡದ್ದು ಸುಕ್ಕಲ್ಲ.